ಸಂಕಲ್ಪವೂ ಸಿದ್ಧಿಯೂ: ‘ಇಂದಿರಾಬಾಯಿ’ ಕಾದಂಬರಿಯ ಒಂದು ವಿಮರ್ಶೆ

ಒಳ್ಳೆಯದನ್ನು ಮಾಡಬೇಕೆಂಬ ಬಯಕೆ ಮನುಷ್ಯನಿಗೆ ಸಹಜವಾದುದು. ಆ ಬಯಕೆ ಬಯಕೆಯಾಗಿಯೇ ಉಳಿದು ಆಯುಷ್ಯ ಕಳೆದುಹೋಗುವುದೂ ಅಷ್ಟೇ ಸಹಜವಾದುದು. ಕಳೆದ ಕಾರ್ತಿಕ ಮಾಸದಲ್ಲಿ ಸದ್ಭಕ್ತರ ಅಪೇಕ್ಷೆಯಂತೆ ಮಂಗಳೂರಿಗೆ ಹೋಗಿದ್ದೆವು. ಹಿಂದೆ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಆ ನಗರದಲ್ಲಿ ಉದ್ಯೋಗದಲ್ಲಿರುವ ಶಿಷ್ಯರೊಬ್ಬರು ಪ್ರವಚನ ಮುಗಿದ ಮೇಲೆ ಒಂಟಿಯಾಗಿ ಬಂದು ಕುಳಿತರು. “ಬುದ್ಧಿ, ಯಾವುದು ಒಳ್ಳೆಯದೆಂದು ಬಲ್ಲೆ. ಮಾಡಬೇಕೆಂಬ ಮನಸ್ಸೂ ಇತ್ತು. ಮಗನ ಮದುವೆಯಲ್ಲಿ ಬೀಗರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಇಪ್ಪತ್ತು ವರ್ಷಗಳ ಹಿಂದೆಯೇ ನಿಶ್ಚಯಿಸಿದ್ದೆ. ಆ ದಿನ ಬಂದಾಗ ಹಿರಿಯರು ಮಾತನಾಡಿದರು, ನಾನು ಸುಮ್ಮನಿದ್ದೆ. ನನ್ನಲ್ಲಿ ಏನು ಕೊರತೆ?” ಎಂದು ಕೇಳಿದರು. ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು, ಇಷ್ಟಲಿಂಗದಲ್ಲಿ ನಿಷ್ಠೆಯಿಡಬೇಕು ಎಂದು ವಾಡಿಕೆಯ ಮಾತನ್ನು ಹೇಳಿ ಅವರನ್ನು ಬೀಳ್ಕೊಟ್ಟೆವು. ಹೇಳಿದ್ದು ಸುಳ್ಳಲ್ಲ. ಆದರೆ ಅದು ಅವರು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲವೆಂಬುದು ನಮಗೆ ಆಗಲೇ ತಿಳಿದಿತ್ತು.

ಅಂದು ರಾತ್ರಿ ತಂಗಿದ್ದ ಭಕ್ತರ ಮನೆಯ ಪುಸ್ತಕಗಳ ನಡುವೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಯ ಮರುಮುದ್ರಣವೊಂದು ಕಣ್ಣಿಗೆ ಬಿತ್ತು. ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಪರೀಕ್ಷೆಯ ನಿಮಿತ್ತ ಓದಿದ್ದ ಕೃತಿ ಅದು. ಪ್ರಕಟಣೆಯ ವರ್ಷ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಹೆಸರು, ಇಷ್ಟನ್ನು ಮಾತ್ರ ಆಗ ನೆನಪಿನಲ್ಲಿಟ್ಟುಕೊಂಡಿದ್ದೆವು. ಶಿಷ್ಯರ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೊಮ್ಮೆ ಓದಿದಾಗ ಅದರ ಗುಣವೂ ದೋಷವೂ ಬೇರೆಯಾಗಿ ಕಂಡವು. ಆ ಓದಿನ ಫಲವನ್ನು ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ ಎಂಬುದು ಕೃತಿಯ ಪೂರ್ಣ ಹೆಸರು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಇದು ಅಚ್ಚಾಯಿತು. ಐದು ವರ್ಷ ಮೊದಲು, 1894ರಲ್ಲಿ, ಕಿಟ್ಟೆಲರ ಮಹಾನಿಘಂಟು ಹೊರಬಂದದ್ದೂ ಅದೇ ಮುದ್ರಣಾಲಯದಿಂದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೋಗ್ಲಿಂಗ್ ಅವರ ಗ್ರಂಥಮಾಲೆಯ ಮೂಲಕ ಬಸವಪುರಾಣವು ಕಲ್ಲಚ್ಚಿನಲ್ಲಿ ಬೆಳಕು ಕಂಡದ್ದು ಇದೇ ಊರಿನ ಮಿಶನರಿಗಳ ಶ್ರಮದಿಂದ ಎಂಬುದನ್ನು ನಮ್ಮ ಓದುಗರು ನೆನೆಯಬೇಕು. ವೆಂಕಟರಾಯರು (1844–1913) ಸಾರಸ್ವತ ಸಮಾಜದಲ್ಲಿ ಹುಟ್ಟಿ, ಪೋಲೀಸು ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು. ಊರಿನ ದೊಡ್ಡವರ ಮನೆಗಳ ಒಳಗನ್ನೂ ಹೊರಗನ್ನೂ ಬಲ್ಲವರು. ಕೃತಿಯು 1903ರಲ್ಲಿಯೇ ಇಂಗ್ಲಿಷಿಗೆ ಅನುವಾದವಾಯಿತು.

ಕಥೆ ನಡೆಯುವ ಊರು ಕಮಲಪುರ. ಹೆಸರು ಬೇರೆಯಾದರೂ ಅದು ಮಂಗಳೂರೇ ಎಂಬುದು ಓದುಗನಿಗೆ ಬೇಗ ತಿಳಿಯುತ್ತದೆ. ಅನ್ಯಾಯದಿಂದ ಹಣ ಗಳಿಸಿದ ಭೀಮರಾಯ, ಅವನ ಹೆಂಡತಿ ಅಂಬಾಬಾಯಿ, ಇವರ ಮಗಳು ಇಂದಿರೆ. ಇಂದಿರೆ ಎಳೆವಯಸ್ಸಿನಲ್ಲಿ ವಿಧವೆಯಾಗುತ್ತಾಳೆ. ಸಂತರೆಂದು ಹೇಳಿಕೊಳ್ಳುವ ಮಂಡಳಿಯೊಂದಕ್ಕೆ ತಾಯಿ ತಂದೆಗಳು ಮನೆಯನ್ನೂ ಮನಸ್ಸನ್ನೂ ಒಪ್ಪಿಸಿದ್ದಾರೆ. ಮಗಳೂ ಆ ಸಂತರ ಸೇವೆಗೆ ನಿಲ್ಲಬೇಕೆಂಬುದು ಅವರ ಹಟ. ಆ ಸೇವೆಯ ಅರ್ಥವೇನೆಂಬುದನ್ನು ಇಂದಿರೆ ಬಲ್ಲಳು. ಅವಳು ಮನೆ ಬಿಟ್ಟು ಹೊರಟು, ಸಜ್ಜನರಾದ ಅಮೃತರಾಯರ ಮನೆಯಲ್ಲಿ ಆಶ್ರಯ ಪಡೆಯುತ್ತಾಳೆ. ಅಲ್ಲಿ ವಿದ್ಯೆ ಕಲಿಯುತ್ತಾಳೆ. ಅಮೃತರಾಯರ ನೆರವಿನಿಂದಲೇ ಓದಿ, ಸಮುದ್ರ ದಾಟಿ ವಿಲಾಯತಿಗೆ ಹೋಗಿ, ಸಿವಿಲ್ ಸರ್ವಿಸ್ ಅಧಿಕಾರಿಯಾಗಿ ಮರಳಿದ ಭಾಸ್ಕರರಾಯನೊಡನೆ ಕೊನೆಗೆ ಅವಳ ಪುನರ್ವಿವಾಹ ನಡೆಯುತ್ತದೆ. ಸದ್ಧರ್ಮಕ್ಕೆ ಜಯವಾಗುತ್ತದೆ.

ಮೊದಲು ಕೃತಿಯ ಗುಣವನ್ನು ಹೇಳಬೇಕು. ಸಂತಮಂಡಳಿಯ ಚಿತ್ರವು ಇಂದಿಗೂ ಹರಿತವಾಗಿದೆ. ಭಜನೆ, ನೈವೇದ್ಯ, ಪಾದಪೂಜೆಗಳ ಮರೆಯಲ್ಲಿ ಏನೇನು ನಡೆಯಬಲ್ಲುದೆಂಬುದನ್ನು ಲೇಖಕರು ಅಂಜದೆ ಬರೆದಿದ್ದಾರೆ. ಕಾವಿ ಧರಿಸಿದ ನಮ್ಮಂಥವರು ಆ ಪುಟಗಳನ್ನು ‘ಇದು ಬೇರೆಯವರ ವಿಷಯ’ವೆಂದು ದಾಟಿಹೋಗಬಾರದು. ಪಾದಗಳಿಗೆ ಹೂವೇರಿಸಿಕೊಳ್ಳುವ ಪ್ರತಿಯೊಬ್ಬನೂ ಓದಿ, ಒಂದು ಗಳಿಗೆ ಸುಮ್ಮನೆ ಕುಳಿತು ಯೋಚಿಸಬೇಕಾದ ಪುಟಗಳವು. ನಮಗಂತೂ ಅವು ಓದಲು ಸುಲಭವಾಗಿರಲಿಲ್ಲ.

ಇನ್ನು ದೋಷ. ಈ ಕಾದಂಬರಿಯ ಪ್ರಧಾನ ಪಾತ್ರಗಳಲ್ಲಿ ಒಳ್ಳೆಯವರು ಪೂರ್ತಿ ಒಳ್ಳೆಯವರು, ಕೆಟ್ಟವರು ಪೂರ್ತಿ ಕೆಟ್ಟವರು. ಅಮೃತರಾಯರು ಬಯಸಿದ್ದನ್ನು ಮಾಡುತ್ತಾರೆ. ಭಾಸ್ಕರರಾಯನೂ ಹಾಗೆಯೇ. ಭೀಮರಾಯನಿಗೆ ಒಳ್ಳೆಯ ಬಯಕೆಯೇ ಇಲ್ಲ. ಒಳ್ಳೆಯದನ್ನು ಮನಸಾರೆ ಬಯಸಿ, ಆ ಗಳಿಗೆ ಬಂದಾಗ ಹಿಂದೆ ಸರಿಯುವ ಮನುಷ್ಯನಿಗೆ ಈ ಕಥೆಯಲ್ಲಿ ಮುಖ್ಯವಾದ ಸ್ಥಾನವಿಲ್ಲ. ಹೆಚ್ಚಿನ ಸಂಖ್ಯೆಯಲ್ಲಿರುವವರು ಅಂಥವರೇ. ನಮ್ಮ ಶಿಷ್ಯರು ಕಮಲಪುರದಲ್ಲಿ ಎಲ್ಲಿ ಮನೆ ಮಾಡಬೇಕು? ಅಮೃತರಾಯರ ಬೀದಿಯಲ್ಲಿಯೂ ಅವರಿಗೆ ಎಡೆಯಿಲ್ಲ, ಭೀಮರಾಯನ ಬೀದಿಯಲ್ಲಿಯೂ ಇಲ್ಲ.

ಕಾದಂಬರಿಯ ಕಮಲಪುರದಲ್ಲಿ ಇಲ್ಲದಿದ್ದರೂ, ನಿಜವಾದ ಮಂಗಳೂರಿನಲ್ಲಿ ಅಂಥವರಿದ್ದರು. 1870ರಲ್ಲಿ ಅಲ್ಲಿ ಬ್ರಹ್ಮಸಮಾಜವು ಕಾಲೂರಿತು. ಬಿಲ್ಲವರ ಮುಖಂಡರಾದ ಅರಸಪ್ಪನವರು ತಮ್ಮ ಜನರಿಗೆ ಗೌರವದ ದಾರಿಯೊಂದನ್ನು ಹುಡುಕುತ್ತ ಕಲ್ಕತ್ತೆಯ ಕೇಶವಚಂದ್ರ ಸೇನರ ಸಮಾಜವನ್ನು ಆಹ್ವಾನಿಸಿದರು. ಅಲ್ಲಿಂದ ಪ್ರಚಾರಕರು ಬಂದರು. ದೇವನೊಬ್ಬನೇ, ಮನುಷ್ಯರೆಲ್ಲರೂ ಸಮಾನರು ಎಂಬ ಮಾತನ್ನು ಊರಿನ ವಿದ್ಯಾವಂತ ಸಾರಸ್ವತರಲ್ಲಿ ಕೆಲವರು ಮನಃಪೂರ್ವಕವಾಗಿ ಮೆಚ್ಚಿದರು. ಆದರೆ ಬಿಲ್ಲವರೊಡನೆ ಒಂದೇ ಜಮಖಾನೆಯ ಮೇಲೆ ಕುಳಿತು ಪ್ರಾರ್ಥಿಸುವ ಗಳಿಗೆ ಎದುರಾದಾಗ ಅವರಿಗೆ ಅದು ಸಾಧ್ಯವಾಗಲಿಲ್ಲ. ಆ ಕಾರಣಕ್ಕಾಗಿ ಅವರು ‘ಉಪಾಸನಾ ಸಭೆ’ ಎಂಬ ಬೇರೆಯ ಸಭೆಯನ್ನು ಕಟ್ಟಿಕೊಂಡರು. ಸಮಾನತೆಯ ಪ್ರಾರ್ಥನೆ ಅಲ್ಲಿಯೂ ನಡೆಯಿತು, ಇಲ್ಲಿಯೂ ನಡೆಯಿತು. ನಡೆದದ್ದು ಮಾತ್ರ ಎರಡು ಕಡೆಗಳಲ್ಲಿ.

ಅವರನ್ನು ಕಪಟಿಗಳೆಂದು ಕರೆಯಲು ನಮಗೆ ಮನಸ್ಸು ಬಾರದು. ಜಾತಿಯ ಬಹಿಷ್ಕಾರವೆಂದರೆ ಆಗ ಮಗಳಿಗೆ ವರ ಸಿಗದಿರುವುದು, ಸತ್ತರೆ ಹೆಣ ಹೊರಲು ಜನ ಬಾರದಿರುವುದು. ಅವರ ಇಚ್ಛೆ ನಿಜವಾಗಿತ್ತು, ಅಂಜಿಕೆಯೂ ನಿಜವಾಗಿತ್ತು. ಇಂಥ ಮನಸ್ಸಿನ ಒಳಗನ್ನು ತೋರಿಸುವ ಅವಕಾಶ ವೆಂಕಟರಾಯರಿಗಿತ್ತು. ಅವರು ಅದನ್ನು ಬಳಸಿಕೊಳ್ಳದೆ ಧರ್ಮ ಅಧರ್ಮಗಳ ನೇರ ಯುದ್ಧವನ್ನು ಬರೆದರು. ಆ ಯುದ್ಧದಲ್ಲಿ ಧರ್ಮದ ಪಕ್ಷಕ್ಕೆ ಹಣವೂ ವಿದ್ಯೆಯೂ ಸರಕಾರದ ಅಧಿಕಾರವೂ ಒದಗಿಬರುತ್ತವೆ. ಇಷ್ಟೆಲ್ಲ ಇದ್ದಾಗ ಗೆಲ್ಲುವುದು ಸದ್ಧರ್ಮವೋ ಸದವಕಾಶವೋ ಎಂದು ಓದುಗ ಕೇಳಿದರೆ ತಪ್ಪಾಗಲಾರದು.

ಆದರೂ ಒಂದು ಸಂಗತಿಯಲ್ಲಿ ಲೇಖಕರ ಕಣ್ಣು ಸತ್ಯವನ್ನೇ ಕಂಡಿದೆ. ಇಂದಿರೆ ಮನೆ ಬಿಟ್ಟದ್ದು ಅವಳ ಮನೋಬಲದಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮನೋಬಲವಿದ್ದದ್ದು ನಿಜ. ಆದರೆ ಮನೋಬಲವುಳ್ಳ ಎಷ್ಟು ಮಂದಿ ಬಾಲವಿಧವೆಯರು ಆ ಕಾಲದ ಮನೆಗಳ ಒಳಕೋಣೆಗಳಲ್ಲಿ ಸವೆದು ಹೋಗಲಿಲ್ಲ? ಇಂದಿರೆಗೆ ಹೋಗಲು ಒಂದು ಮನೆಯಿತ್ತು. ಆ ಬಾಗಿಲು ತೆರೆಯುವುದೆಂದು ಅವಳಿಗೆ ನಂಬಿಕೆಯಿತ್ತು. ಅಮೃತರಾಯರ ಬಾಗಿಲು ಇಲ್ಲದಿದ್ದರೆ ಅವಳ ಸಂಕಲ್ಪವು ಬಾವಿಯ ಕಟ್ಟೆಯವರೆಗೆ ಮಾತ್ರ ಅವಳನ್ನು ಕೊಂಡೊಯ್ಯುತ್ತಿತ್ತು. ಕೃತಿಯ ಜೀವ ಇರುವುದು ಕೊನೆಯ ವಿವಾಹದ ಸಂಭ್ರಮದಲ್ಲಲ್ಲ, ಈ ತೆರೆದ ಬಾಗಿಲಿನಲ್ಲಿ ಎಂದು ನಮ್ಮ ಅಭಿಪ್ರಾಯ.

ಅಂಥದೊಂದು ಬಾಗಿಲನ್ನು ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಕಾದಂಬರಿಯ ಸೌಕರ್ಯಗಳೊಂದೂ ಇಲ್ಲದೆ ಕಟ್ಟಿದವರು ಕುದ್ಮುಲ್ ರಂಗರಾಯರು (1859–1928). ಅವರೂ ಸಾರಸ್ವತರೇ, ವೃತ್ತಿಯಿಂದ ವಕೀಲರು. ಉಳ್ಳಾಲ ರಘುನಾಥಯ್ಯನವರ ಪ್ರಭಾವದಿಂದ ಬ್ರಹ್ಮಸಮಾಜದ ಕಡೆ ಬಂದವರು. 1892ರಲ್ಲಿ ಮಂಗಳೂರಿನ ಉರ್ವದ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಶನ್’ ಸ್ಥಾಪಿಸಿದರು. ಅವರ ಜಾತಿಯವರು ಅವರನ್ನು ಹೊರಗಿಟ್ಟರು.

ರಂಗರಾಯರ ಮನೋದಾರ್ಢ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ನಮ್ಮ ಗಮನ ಸೆಳೆದದ್ದು ಅವರು ಮಾಡಿದ ಏರ್ಪಾಡು. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲವೆಂಬುದನ್ನು ಅವರು ಕಂಡರು. ಮಗು ಶಾಲೆಗೆ ಬಂದರೆ ಆ ದಿನದ ಅದರ ಕೂಲಿ ಮನೆಗೆ ತಪ್ಪುತ್ತದೆ. ಆ ತಾಯಿ ತಂದೆಗಳಿಗೂ ಮಗ ಓದಲಿ ಎಂಬ ಸದಿಚ್ಛೆ ಇಲ್ಲದಿರಲಿಲ್ಲ, ಇಲ್ಲದ್ದು ಸಂಜೆಯ ಗಂಜಿ. ಆದುದರಿಂದ ರಂಗರಾಯರು ಮಧ್ಯಾಹ್ನ ಊಟ ಹಾಕಿದರು, ಬಂದ ಮಕ್ಕಳಿಗೆ ದಿನಕ್ಕಿಷ್ಟು ಕಾಸು ಕೊಟ್ಟರು, ಕೈಕೆಲಸವನ್ನೂ ಕಲಿಸಿದರು. ವಿದ್ಯೆಯ ಮಹಿಮೆಯನ್ನು ಕುರಿತು ಉಪನ್ಯಾಸ ಮಾಡಿ ಆ ಜನರ ಇಚ್ಛಾಶಕ್ತಿಯನ್ನು ಬಲಪಡಿಸಲು ಅವರು ಹೊರಡಲಿಲ್ಲ. ಇಚ್ಛೆ ಮತ್ತು ಕ್ರಿಯೆಗಳ ನಡುವೆ ಎಷ್ಟು ಮೊಳದ ಹಳ್ಳವಿದೆಯೆಂದು ಅಳೆದು, ಅಷ್ಟು ಉದ್ದದ ಹಲಗೆಯನ್ನು ಹಾಕಿದರು.

ತಮ್ಮ ಸ್ವಂತ ಬಾಳಿಗೂ ಅವರು ಅದೇ ವಿಧಾನವನ್ನು ಅನ್ವಯಿಸಿಕೊಂಡರು. 1912ರಲ್ಲಿ ಮಗಳು ರಾಧಾಬಾಯಿಯವರನ್ನು ತಮಿಳುನಾಡಿನ ಬೇರೆ ಜಾತಿಯ ಡಾ. ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಇದರಿಂದ ಹಿಂದಕ್ಕೆ ಹೋಗುವ ದಾರಿ ತಾನಾಗಿಯೇ ಮುಚ್ಚಿತು. ಸತ್ತ ಮೇಲೆ ತಮ್ಮ ದೇಹವನ್ನು ತಾವು ಸೇವಿಸಿದ ಜನರೇ ಹೊರಬೇಕೆಂದು ಮೊದಲೇ ಹೇಳಿಟ್ಟರು. ಹೆಣ ಹೊರುವವರಾರು ಎಂಬ ಆ ಹಳೆಯ ಅಂಜಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಯಾವುದಿದೆ? ಇಂದು ಮಂಗಳೂರಿನ ಪುರಭವನ ಅವರ ಹೆಸರನ್ನು ಹೊತ್ತಿದೆ.

ಈ ವಿಚಾರದಲ್ಲಿ ಈಚಿನ ಮನಶ್ಶಾಸ್ತ್ರಜ್ಞರು ಕಂಡುಕೊಂಡದ್ದನ್ನೂ ಇಲ್ಲಿ ನೆನೆಯಬಹುದು. ಮನೋಬಲವೆಂಬುದು ದೇಹಬಲದಂತೆ ಬಳಸಿದಷ್ಟೂ ಬಳಲುವ ಶಕ್ತಿಯೆಂದು ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಯೋಗಗಳ ಮೂಲಕ ವಾದಿಸಿದರು. ಆ ವಾದ ಬಹುಕಾಲ ಮನ್ನಣೆ ಪಡೆಯಿತು. 2016ರಲ್ಲಿ 23 ಪ್ರಯೋಗಾಲಯಗಳು ಕೂಡಿ ಮತ್ತೆ ಪರೀಕ್ಷಿಸಿದಾಗ ಆ ಪರಿಣಾಮವು ಇಲ್ಲವೆಂಬಷ್ಟು ಅಲ್ಪವಾಗಿತ್ತು. ಮನೋಬಲದ ಸ್ವರೂಪವನ್ನು ಕುರಿತ ವಾದ ಹೀಗೆ ಅಲುಗಾಡುತ್ತಿರುವಾಗ ಇನ್ನೊಂದು ಸಂಗತಿ ಗಟ್ಟಿಯಾಗಿ ನಿಂತಿದೆ. ಜರ್ಮನಿಯ ಪೀಟರ್ ಗಾಲ್‌ವಿಟ್ಸರ್ ಅವರು, ‘ಒಳ್ಳೆಯದನ್ನು ಮಾಡುವೆ’ ಎಂದುಕೊಳ್ಳುವವರಿಗಿಂತ ‘ಇಂಥ ಹೊತ್ತು, ಇಂಥ ಸ್ಥಳ ಒದಗಿದಾಗ ಇಂಥದನ್ನು ಮಾಡುವೆ’ ಎಂದು ಮುಂಚಿತವಾಗಿ ಗೊತ್ತುಮಾಡಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆಂದು ತೋರಿಸಿದರು. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅದೇ ಫಲ ಕಂಡಿತು. ಹೊತ್ತು, ಸ್ಥಳ, ಕ್ರಮ ಇವನ್ನು ಗೊತ್ತುಮಾಡಿಕೊಳ್ಳುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ನೇಮ. ತ್ರಿಕಾಲಪೂಜೆಯ ಹೊತ್ತನ್ನು ಗೊತ್ತುಮಾಡಿದವರು ಭಕ್ತನ ಮನಸ್ಸು ಚಂಚಲವೆಂಬುದನ್ನು ಅರಿಯದವರಲ್ಲ. ಅರಿತೇ ಅದನ್ನು ಗಡಿಯಾರಕ್ಕೆ ಕಟ್ಟಿದರು.

ಇಷ್ಟನ್ನು ಬರೆದ ಮೇಲೆ ನಮ್ಮದೇ ಒಂದು ಸಂಗತಿಯನ್ನು ಮುಚ್ಚಿಟ್ಟರೆ ಲೇಖನ ಅಪ್ರಾಮಾಣಿಕವಾದೀತು. ಚಿಕ್ಕ ವಯಸ್ಸಿನಲ್ಲಿ ನಾವು ಸೇವೆಯಲ್ಲಿದ್ದ ಒಂದು ಮಠದ ಪ್ರಸಾದನಿಲಯದಲ್ಲಿ ಮಕ್ಕಳು ಎರಡು ಪಡಸಾಲೆಗಳಲ್ಲಿ ಉಣ್ಣುತ್ತಿದ್ದರು. ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳುತ್ತಿರಲಿಲ್ಲ; ಮಕ್ಕಳಿಗೆ ತಿಳಿದಿತ್ತು. ಅದನ್ನು ನಿಲ್ಲಿಸಬೇಕೆಂದು ನಾವು ಬಂದ ಮೊದಲ ವರ್ಷವೇ ಸಂಕಲ್ಪಿಸಿದೆವು. ಪ್ರತಿ ಬಸವಜಯಂತಿಗೂ ಕಲ್ಯಾಣದ ಶರಣರ ಸಮಾನತೆಯನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದೆವು. ಭಾಷಣ ಮುಗಿದ ಮೇಲೆ ಮಕ್ಕಳು ಎದ್ದು ತಮ್ಮ ತಮ್ಮ ಪಡಸಾಲೆಗೆ ಹೋದರು. ದಾನಿಗಳು ಏನೆನ್ನುವರೋ, ಹಿರಿಯ ಗುರುಗಳು ಏನೆನ್ನುವರೋ ಎಂದು ಏಳು ವರ್ಷ ಕಳೆದವು. ಎಂಟನೆಯ ವರ್ಷದ ಮಳೆಗಾಲದಲ್ಲಿ ಒಂದು ಪಡಸಾಲೆಯ ಮಾಡು ಕುಸಿಯಿತು. ಎಲ್ಲರೂ ಒಂದೇ ಕಡೆ ಕುಳಿತರು. ಮಾಡು ದುರಸ್ತಿಯಾದ ದಿನ ಅಡುಗೆಯ ಮುದುಕ ಬಂದು, “ಎರಡು ಕಡೆ ಓಡಾಡಿ ಬಡಿಸುವುದು ಇನ್ನು ನನ್ನ ಕಾಲಿಗೆ ಆಗುವುದಿಲ್ಲ. ಆ ಪಡಸಾಲೆಗೆ ಕಟ್ಟಿಗೆ ತುಂಬುತ್ತೇನೆ” ಎಂದ. ತುಂಬಿದ. ಯಾವ ದಾನಿಯೂ ಏನೂ ಅನ್ನಲಿಲ್ಲ. ನಮ್ಮ ಏಳು ವರ್ಷದ ಸಂಕಲ್ಪಕ್ಕೆ ಸಿದ್ಧಿ ದೊರೆತದ್ದು ಒಬ್ಬ ಅಡುಗೆಯವನ ಮೊಣಕಾಲಿನ ನೋವಿನಿಂದ. ಆ ಏಳು ವರ್ಷಗಳಲ್ಲಿ ಬೇರೆ ಪಡಸಾಲೆಯಲ್ಲಿ ಉಂಡು ಓದು ಮುಗಿಸಿ ಹೋದ ಮಕ್ಕಳು ಈಗ ಎಲ್ಲೆಲ್ಲಿಯೋ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ನಾವು ಅವರ ಕ್ಷಮೆ ಕೇಳಿದ್ದೇವೆಂದು ತಿಳಿಯಲಿ.

ಆಗಮಗಳು ಇಚ್ಛೆ, ಜ್ಞಾನ, ಕ್ರಿಯೆ ಎಂದು ಮೂರು ಶಕ್ತಿಗಳನ್ನು ಹೇಳುತ್ತವೆ. ಪರಶಿವನಲ್ಲಿ ಇವು ಬೇರೆ ಬೇರೆಯಲ್ಲ. ಜೀವನಲ್ಲಿ ಬೇರೆ ಬೇರೆಯಾಗಿವೆ. ಅವನ್ನು ಕೂಡಿಸುವುದೇ ಸಾಧನೆ. ಈ ಕೂಡಿಸುವ ಕೆಲಸ ಒಬ್ಬೊಬ್ಬನ ಎದೆಯೊಳಗೆ ಮಾತ್ರ ನಡೆಯಬೇಕೆಂದು ನಾವು ಬಹುಕಾಲ ಬೋಧಿಸಿದೆವು. ಶರಣರಾದರೋ ಕಾಯಕ, ದಾಸೋಹಗಳೆಂಬ ಹೊರಗಿನ ಏರ್ಪಾಡುಗಳನ್ನು ಮಾಡಿದರು. ಈಚಿನ ಕಾಲದಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು ಇದನ್ನು ಚೆನ್ನಾಗಿ ಅರಿತಿದ್ದರು. 1904ರಲ್ಲಿ ಅವರ ಪ್ರೇರಣೆಯಿಂದ ವೀರಶೈವ ಮಹಾಸಭೆ ಹುಟ್ಟಿತು. ಸಭೆಯ ನಿರ್ಣಯಗಳಲ್ಲಿಯೇ ಅವರು ತೃಪ್ತರಾಗಲಿಲ್ಲ. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿ, ಅಲ್ಲಿ ದಿನಚರಿಯನ್ನು ರೂಢಿಗೆ ತಂದರು. ನಿರ್ಣಯವು ಕಾಗದದ ಮೇಲಿರುತ್ತದೆ. ದಿನಚರಿಯಾದರೆ ಬೆಳಗಿನ ಜಾವ ಬಂದು ಬಾಗಿಲು ತಟ್ಟುತ್ತದೆ. ಪ್ರಸಾದನಿಲಯಗಳಲ್ಲಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡವರ ಮಗ ಓದಲಿ ಎಂಬ ಸದಿಚ್ಛೆ ನಾಡಿನಲ್ಲಿ ಹಿಂದೆಯೂ ಇತ್ತು; ಅವರು ಓದಿದ್ದು ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿ ಬಡಿಸಿದ ಊಟದಿಂದ.

ಇನ್ನು ‘ಇಂದಿರಾಬಾಯಿ’ಯನ್ನು ಕುರಿತು ನಮ್ಮ ತೀರ್ಮಾನ. ಪಾತ್ರಚಿತ್ರಣದಲ್ಲಿ ಅದು ಸರಳವಾದ ಕೃತಿ. ಗೆಲುವನ್ನು ಅಗ್ಗವಾಗಿ ಕೊಡುವ ಕೃತಿ. ಆದರೂ ಓದಲೇಬೇಕಾದ ಕೃತಿ. ಇಂದಿರೆಯಂತೆ ಧೀರರಾಗಿರಿ ಎಂದು ಬೋಧಿಸುವುದಕ್ಕೆ ಅದನ್ನು ಬಳಸುವುದು ಸುಲಭ. ಅಮೃತರಾಯರಂತೆ ಬಾಗಿಲು ತೆರೆದಿಟ್ಟಿದ್ದೇವೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದಕ್ಕೆ ಬಳಸಿದರೆ ಮಾತ್ರ ಅದರ ಹೆಸರಿನ ಎರಡನೆಯ ಭಾಗ ಸಾರ್ಥಕವಾದೀತು.

ಮಂಗಳೂರಿನ ಆ ಶಿಷ್ಯರಿಗೆ ಊರಿಗೆ ಮರಳಿದ ಮೇಲೆ ಪತ್ರ ಬರೆದೆವು. ಅವರ ಸಂಗತಿಯನ್ನು ಹೆಸರಿಲ್ಲದೆ ಇಲ್ಲಿ ಬರೆಯಲು ಅವರ ಒಪ್ಪಿಗೆಯನ್ನೂ ಪಡೆದೆವು. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ ಬಂದದ್ದು 1961ರಲ್ಲಿ. ಅದೂ ಇಡೀ ದೇಶದ ಒಂದು ಸದಿಚ್ಛೆಯೇ. ಅದರ ಗತಿಯೂ ನಮಗೆ ತಿಳಿದಿದೆ. ತೆಗೆದುಕೊಂಡದ್ದು ಸೊಸೆಗೆ ಸೇರತಕ್ಕದ್ದೆಂದು ಆ ಕಾಯಿದೆಯೇ ಹೇಳುತ್ತದೆ. ಆದುದರಿಂದ, “ಕೊರತೆ ನಿಮ್ಮ ಮನಸ್ಸಿನಲ್ಲಿಲ್ಲ. ಮದುವೆಯ ಮಾತಿಗೆ ಮೊದಲೇ ಬೀಗರಿಗೆ ಪತ್ರ ಬರೆಯದೆ, ನಿಮ್ಮ ಹಿರಿಯರಿಗೆ ತಿಳಿಸದೆ, ಆ ಒಂದು ಗಳಿಗೆಯ ಧೈರ್ಯದ ಮೇಲೆ ಎಲ್ಲವನ್ನೂ ಬಿಟ್ಟಿರಿ. ಆ ದಿನ ಕಳೆದುಹೋಯಿತು, ಧರ್ಮ ಕಳೆದುಹೋಗಿಲ್ಲ. ತೆಗೆದುಕೊಂಡದ್ದನ್ನು ಸೊಸೆಯ ಹೆಸರಿಗೆ ಮಾಡಲು ಒಂದು ದಿನವನ್ನು ಗೊತ್ತುಮಾಡಿ, ಆ ದಿನವನ್ನು ಅವಳ ತಂದೆಗೂ ನಮಗೂ ತಿಳಿಸಿ. ಕಿರಿಯ ಮಗನ ವಿಷಯವಾಗಿ ಸಂಬಂಧ ಕೇಳುವ ಮೊದಲ ಪತ್ರದಲ್ಲಿಯೇ ಬರೆಯಿರಿ” ಎಂದು ಸೂಚಿಸಿದೆವು.

ಅವರು ದಿನವನ್ನು ತಿಳಿಸಿದ್ದಾರೆ. ನಮ್ಮ ದಿನದರ್ಶಿಕೆಯಲ್ಲಿಯೂ ಅದನ್ನು ಗುರುತು ಹಾಕಿಕೊಂಡಿದ್ದೇವೆ.